ಚಮಕಿಯೂ ಧೂಳೂ

ಫಿಲ್ಮಿನ ಡಬ್ಬಿಗಳು ಬಂದ ದಿನ ಆಫೀಸಿನಲ್ಲೆಲ್ಲ ಹುಳಿ ವಾಸನೆ ಹಬ್ಬಿತು. ಎಲ್ಲರ ಅನುಮಾನವೂ ಮೊದಲು ಹೋದದ್ದು ನನ್ನ ಊಟದ ಡಬ್ಬಿಯ ಪುಳಿಯೋಗರೆಯ ಮೇಲೆ. ನಾನು ಡಬ್ಬಿ ತೆರೆದು ತೋರಿಸಿ ನಿರಪರಾಧಿ ಎಂದು ಸಾಬೀತು ಮಾಡಿದ ಮೇಲೆ ಬಾಸ್ ನಕ್ಕು, ಹಳೆಯ ಫಿಲ್ಮು ಕೆಡತೊಡಗಿದಾಗ ಹೀಗೆ ವಿನಿಗರಿನಂತೆ ನಾರುತ್ತದೆ ಎಂದು ಹೇಳಿದರು. ವಾಸನೆ ಜೋರಾದಷ್ಟೂ ನಮಗೆ ಉಳಿದಿರುವ ಸಮಯ ಕಡಿಮೆ ಎಂದೂ ಸೇರಿಸಿದರು.

ಅದು ತೊಂಬತ್ತರ ದಶಕದ ಕೊನೆ, ಇಂಟರ್‌ನೆಟ್ ಕಂಪನಿಗಳ ಡಾಟ್‌ಕಾಮ್ ಜ್ವರ ನೆತ್ತಿಗೇರಿದ್ದ ಕಾಲ. ಯಾರು ಬೇಕಾದರೂ ಏನು ಬೇಕಾದರೂ ಶುರು ಮಾಡಬಹುದಿತ್ತು. ನಮ್ಮ ಬಾಸ್ ಬರ್ಕ್ಲಿಯ ರೈಲು ಹಳಿಯ ಪಕ್ಕದ ಒಂದು ಹಳೆಯ ಗೋದಾಮಿನಲ್ಲಿ, ಹಳೆಯ ಸಿನಿಮಾಗಳನ್ನು ಕಂಪ್ಯೂಟರಿನಿಂದ ಶುಚಿ ಮಾಡಿಕೊಡುವ ಕಂಪನಿ ಶುರು ಮಾಡಿದ್ದರು. ನಮಗೆಲ್ಲ ಒಂದೊಂದು ಟೀ ಶರ್ಟು ಕೊಟ್ಟಿದ್ದರು. ಅದರ ಬೆನ್ನ ಮೇಲೆ ‘ಒಂದೇ ಒಂದು ಧೂಳಿನ ಕಣವೂ ಇಲ್ಲ’ ಎಂದು ದೊಡ್ಡದಾಗಿ ಅಚ್ಚಾಗಿತ್ತು. ಗಿರಾಕಿಗಳಿಗೆ ಅವರು ಕೊಡುತ್ತಿದ್ದ ಮಾತೂ ಅದೇ.

ಆ ಮಾತನ್ನು ನಿಜ ಮಾಡಬೇಕಾದವರು ಇಬ್ಬರು. ಒಬ್ಬಳು ನಾನು, ಮೈಸೂರಿನವಳು. ಇನ್ನೊಬ್ಬರು ನನಗಿಂತ ಹತ್ತು ಹನ್ನೆರಡು ವರ್ಷ ದೊಡ್ಡವರಾದ ಹಾಸನದವರು. ಆಫೀಸಿನಲ್ಲಿ ಎಲ್ಲರೂ ಎಲ್ಲರನ್ನೂ ಹೆಸರು ಹಿಡಿದು ಕರೆಯುತ್ತಿದ್ದರೂ ನನ್ನ ನಾಲಿಗೆ ಹೊರಳದೆ ನಾನು ಅವರನ್ನು ‘ಸರ್’ ಎನ್ನುತ್ತಿದ್ದೆ. ಕ್ರಮೇಣ ಬಾಸ್ ಕೂಡ ಅವರನ್ನು ‘ಸರ್’ ಎಂದೇ ಕರೆಯತೊಡಗಿದರು. ಇಬ್ಬರೂ ಆಫೀಸಿನಿಂದ ದೂರದ ಫ್ರೀಮಾಂಟಿನಲ್ಲಿದ್ದೆವು, ಒಂದೇ ಕಾರಿನಲ್ಲಿ ಹೋಗಿಬರುತ್ತಿದ್ದೆವು. ಕಾರಿನಲ್ಲಿ ಇಬ್ಬರಿದ್ದರೆ ಅಂಥವರಿಗೇ ಮೀಸಲಾದ, ಬೇಗ ಸಾಗುವ ಕಾರ್‌ಪೂಲ್ ಲೇನು ಸಿಗುತ್ತಿತ್ತು. ಒಬ್ಬರೇ ಆದರೆ ಫ್ರೀವೇಯಲ್ಲಿ ಅರ್ಧ ಆಯುಷ್ಯ ಕಳೆಯಬೇಕಿತ್ತು.

ನಾವಿಬ್ಬರೂ ಬಂದದ್ದು ಕಂಪ್ಯೂಟರ್ ಚಿಪ್‌ಗಳಲ್ಲಿ ದೋಷ ಹುಡುಕುವ ಕಸುಬಿನಿಂದ. ಆ ಕಸುಬಿನ ಗುಟ್ಟು ಬಹಳ ಸರಳ. ತೆಳುವಾದ ಒಂದೇ ಸಿಲಿಕಾನ್ ಬಿಲ್ಲೆಯ ಮೇಲೆ ಒಂದೇ ನಮೂನೆಯ ಚಿಪ್‌ಗಳು ಸಾಲಾಗಿ ಇರುತ್ತವೆ. ಒಂದನ್ನು ಅದರ ಎಡಗಡೆಯದರ ಜೊತೆ, ಬಲಗಡೆಯದರ ಜೊತೆ ಹೋಲಿಸಬೇಕು. ಅಕ್ಕಪಕ್ಕದ ಎರಡರಲ್ಲೂ ಇಲ್ಲದ್ದು ನಡುವಿನದರಲ್ಲಿ ಕಂಡರೆ ಅದೇ ದೋಷ. ಸರ್ ಇದನ್ನೇ ಸಿನಿಮಾಕ್ಕೆ ತಂದಿದ್ದರು. ಫಿಲ್ಮಿನ ಒಂದು ಫ್ರೇಮನ್ನು, ಅಂದರೆ ಒಂದು ಬಿಡಿ ಚಿತ್ರವನ್ನು, ಹಿಂದಿನ ಫ್ರೇಮಿನ ಜೊತೆ, ಮುಂದಿನ ಫ್ರೇಮಿನ ಜೊತೆ ಹೋಲಿಸುವುದು. ಒಂದೇ ಒಂದು ಫ್ರೇಮಿನಲ್ಲಿ ಕಂಡು ಮಾಯವಾಗುವ ಬಿಳಿ ಚುಕ್ಕೆ ಧೂಳೇ ಆಗಿರಬೇಕು, ಅಳಿಸು. ಅದುವರೆಗೆ ನಾವು ಮಾಡಿದ ಚಿತ್ರಗಳಲ್ಲೆಲ್ಲ ಅದು ಎಷ್ಟು ಚೆನ್ನಾಗಿ ಕೆಲಸ ಮಾಡಿತ್ತೆಂದರೆ, ನಮಗೆ ಸ್ವಲ್ಪ ಕೊಬ್ಬೂ ಬಂದಿತ್ತು.

ಈ ಡಬ್ಬಿಗಳಲ್ಲಿದ್ದದ್ದು ಐವತ್ತರ ದಶಕದ ಆರಂಭದ, ಹಾಡು ಕುಣಿತವೇ ತುಂಬಿದ ಒಂದು ಮ್ಯೂಸಿಕಲ್‌ನ ಒಂದೇ ಒಂದು ಹಾಡು. ಆ ಕಾಲದ ದೊಡ್ಡ ಸ್ಟುಡಿಯೋಗಳು ಒಂದು ಊರಿದ್ದ ಹಾಗೆ ಇರುತ್ತಿದ್ದವು. ವಾದ್ಯಗೋಷ್ಠಿ ಅವರದೇ, ದರ್ಜಿಗಳು ಅವರ ಕಡೆಯವರೇ, ಕುಣಿಯುವವರೆಲ್ಲ ಸಂಬಳದ ಮೇಲೆ. ಒಂದು ಹಾಡಿಗಾಗಿ ಅರಮನೆ ಕಟ್ಟಿ, ಹಾಡು ಮುಗಿದ ಮೇಲೆ ಒಡೆದು ಹಾಕುತ್ತಿದ್ದರು. ನಮ್ಮ ಹಾಡಿನಲ್ಲಿ ಕನ್ನಡಿಯಂಥ ಕರಿ ನೆಲ, ಅದರ ಹಿಂದೆ ಮುಗಿಲು ಮುಟ್ಟುವ ಬಿಳಿ ಮೆಟ್ಟಿಲು, ಮೆಟ್ಟಿಲ ತುಂಬ ಮೈಮೇಲೆಲ್ಲ ಚಮಕಿ ಹೊಲಿದ ಉಡುಪಿನ ಹೆಂಗಸರು. ಅವರು ಸಾಲುಸಾಲಾಗಿ ಇಳಿದು ಬರುತ್ತಾರೆ, ನೆಲದ ಮೇಲೆ ಹೂವಿನಂತೆ ಅರಳುತ್ತಾರೆ, ಮತ್ತೆ ಹತ್ತಿ ಹೋಗುತ್ತಾರೆ. ಕಥೆ ಒಂದಂಗುಲವೂ ಮುಂದೆ ಹೋಗುವುದಿಲ್ಲ. ಚಿತ್ರ ಬಿಡುಗಡೆಯಾದ ಸ್ವಲ್ಪ ದಿನಕ್ಕೆ, ದಿನಕ್ಕೊಂದು ಆಟ ಹೆಚ್ಚಿಗೆ ತೋರಿಸಲೆಂದು ಸ್ಟುಡಿಯೋದವರೇ ಈ ಹಾಡನ್ನು ಕತ್ತರಿಸಿ ಎತ್ತಿಟ್ಟಿದ್ದರು. ಆಮೇಲೆ ಅದನ್ನು ಯಾರೂ ನೋಡಿರಲಿಲ್ಲ. ಈಗ ಚಿತ್ರವನ್ನು ಮತ್ತೆ ಬಿಡುಗಡೆ ಮಾಡುವ ಯೋಚನೆ ಇತ್ತು. ಹಾಡನ್ನು ಸೇರಿಸಬೇಕೋ ಬೇಡವೋ ಎಂಬುದನ್ನು ಸ್ಟುಡಿಯೋದ ಅಧಿಕಾರಿಯೊಬ್ಬರು ನಮ್ಮ ಕೆಲಸ ನೋಡಿ ತೀರ್ಮಾನಿಸುವವರಿದ್ದರು.

ನನಗೆ ನಿಜ ಹೇಳಬೇಕೆಂದರೆ ಸೇರಿದರೂ ಅಷ್ಟೇ, ಬಿಟ್ಟರೂ ಅಷ್ಟೇ ಅನ್ನಿಸಿತ್ತು. ಮೆಟ್ಟಿಲಿಳಿಯುವುದಕ್ಕೆ ಇಷ್ಟು ಸಂಭ್ರಮವೇ ಎಂದು ಸರ್ ಹತ್ತಿರ ಗೊಣಗಿದ್ದೆ.

ನನ್ನ ಗೊಣಗಾಟ ನಿಂತದ್ದು ಆ ಹಾಡಿನಲ್ಲಿ ಕುಣಿದ ಹೆಂಗಸೊಬ್ಬರು ಆಫೀಸಿಗೆ ಬಂದಾಗ. ಹಾಡಿನ ಬಣ್ಣದ ಪ್ರತಿ ಒಂದೂ ಉಳಿದಿರಲಿಲ್ಲವಾದ್ದರಿಂದ ನಮ್ಮ ಬಣ್ಣ ಸರಿಯೇ ಎಂದು ತಾಳೆ ನೋಡಲು ಯಾವ ಉಡುಪು ಯಾವ ಬಣ್ಣದ್ದು ಎಂದು ಹೇಳುವವರು ಬೇಕಾಗಿದ್ದರು. ಎಪ್ಪತ್ತು ದಾಟಿದ ಆ ಅಜ್ಜಿ ಆಫೀಸಿಗೆ ಹತ್ತಿರದ ಊರಿನಲ್ಲೇ, ಮಗಳ ಮನೆಯಲ್ಲಿದ್ದರು. ಮಗಳೇ ಕರೆತಂದು ಬಿಟ್ಟುಹೋದಳು, ಒಳಗೆ ಬರಲಿಲ್ಲ. ಅಜ್ಜಿ ನನ್ನ ಪಕ್ಕ ಕುರ್ಚಿ ಎಳೆದುಕೊಂಡು ಕೂತು ಎಲ್ಲ ಹೇಳಿದರು. ಉಡುಪು ಹಾಕಿಕೊಂಡರೆ ಕೂರಲು ಆಗುತ್ತಿರಲಿಲ್ಲವಂತೆ, ಚಮಕಿ ತೊಡೆ ಕೊರೆಯುತ್ತಿತ್ತಂತೆ. ದೀಪಗಳ ಬಿಸಿಗೆ ಮುಖದ ಬಣ್ಣ ಕರಗುತ್ತಿತ್ತಂತೆ. ಕರಿ ನೆಲದ ಮೇಲೆ ಗೀರು ಬೀಳಬಾರದೆಂದು ಕ್ಯಾಮೆರಾ ಶುರುವಾಗುವವರೆಗೆ ಎಲ್ಲರೂ ಬೂಟಿನ ಮೇಲೆ ಬಟ್ಟೆ ಸುತ್ತಿಕೊಂಡು ನಿಲ್ಲಬೇಕಿತ್ತಂತೆ.

“ನಾನು ಆ ಚಿತ್ರದಲ್ಲಿ ಇರೋದು ಈ ಹಾಡಲ್ಲಿ ಮಾತ್ರ” ಎಂದರು. “ಮದುವೆಯಾದ್ಮೇಲೆ ಕುಣಿಯೋದು ಬಿಟ್ಟೆ. ಮಗಳಿಗೆ ಯಾವಾಗಲೂ ಹೇಳ್ತಿದ್ದೆ, ಅಮ್ಮ ದೊಡ್ಡ ಸಿನಿಮಾದಲ್ಲಿದ್ದಾಳೆ ಅಂತ. ಒಂದ್ಸಲ ಟಿವಿಯಲ್ಲಿ ಬಂತು. ಅವಳ ಗೆಳತಿಯರನ್ನೆಲ್ಲ ಕೂರಿಸ್ಕೊಂಡು ನೋಡಿದ್ವಿ. ಹಾಡೇ ಬರಲಿಲ್ಲ.”

“ಮಗಳು ಏನಂದ್ರು?”

“ಏನೂ ಅನ್ನಲಿಲ್ಲ. ನನ್ನ ಮುಖ ನೋಡಿದಳು ಅಷ್ಟೇ. ಆಮೇಲೆ ಯಾವತ್ತೂ ಅದರ ಮಾತೇ ಎತ್ತಲಿಲ್ಲ.”

ಮಗಳು ಸುಳ್ಳು ಎಂದಿದ್ದರೆ ಜಗಳವಾಡಬಹುದಿತ್ತು. ಸುಮ್ಮನಿದ್ದವಳ ಜೊತೆ ಹೇಗೆ ಜಗಳವಾಡುವುದು? ಈ ಹಾಡು ಚಿತ್ರಕ್ಕೆ ಸೇರಲೇಬೇಕು ಎಂದು ನನಗೆ ಅನ್ನಿಸಿದ್ದು ಆಗ.

ಕೆಲಸದ ಕ್ರಮ ಹೀಗಿತ್ತು. ಆ ಕಾಲದ ಬಣ್ಣದ ಕ್ಯಾಮೆರಾದ ಒಳಗೆ ಮೂರು ಕಪ್ಪುಬಿಳುಪು ಫಿಲ್ಮುಗಳು ಒಟ್ಟಿಗೆ ಓಡುತ್ತಿದ್ದವು. ಒಂದು ಕೆಂಪನ್ನು, ಒಂದು ಹಸಿರನ್ನು, ಒಂದು ನೀಲಿಯನ್ನು ಹಿಡಿಯುತ್ತಿತ್ತು. ಮೂರನ್ನೂ ಒಂದರ ಮೇಲೊಂದು ಸರಿಯಾಗಿ ಕೂರಿಸಿದರೆ ಬಣ್ಣದ ಚಿತ್ರ. ಆದರೆ ಇಷ್ಟು ವರ್ಷಗಳಲ್ಲಿ ಮೂರು ಫಿಲ್ಮು ಪಟ್ಟಿಗಳೂ ತಮಗೆ ತೋಚಿದಷ್ಟು ಕುಗ್ಗಿದ್ದವು. ನಾವು ಮೊದಲು ಒಂದೊಂದು ಪಟ್ಟಿಯನ್ನೂ ಸ್ಕ್ಯಾನು ಮಾಡಿ ಕಂಪ್ಯೂಟರಿಗೆ ಇಳಿಸಿದೆವು. ಆಮೇಲೆ ಸರ್ ಬರೆದ ಪ್ರೋಗ್ರಾಮಿನಿಂದ ಒಂದೊಂದರ ಧೂಳನ್ನೂ ತೆಗೆದೆವು. ಶುಚಿಯಾದ ಮೂರನ್ನು ನಾನು ಹಿಗ್ಗಿಸಿ ಎಳೆದು ಒಂದಕ್ಕೊಂದು ಹೊಂದಿಸಿದೆ. ಧೂಳಿದ್ದರೆ ಹೊಂದಿಸುವುದು ಕಷ್ಟವಾಗುತ್ತದೆ, ಅದಕ್ಕೇ ಧೂಳು ಮೊದಲು, ಜೋಡಣೆ ಆಮೇಲೆ. ವಾರಗಟ್ಟಲೆ ಹಿಡಿದ ಈ ಕೆಲಸ ಮುಗಿದಾಗ ಹುಡುಕಿದರೂ ಒಂದು ಚುಕ್ಕೆ ಸಿಗದಷ್ಟು ಚೊಕ್ಕಟವಾಗಿತ್ತು.

ಅಧಿಕಾರಿ ಬಂದು ನೋಡಿದರು. ಬಾಸ್ ಬಾಗಿಲ ಬಳಿ ನಿಂತು ಕೈ ಉಜ್ಜಿಕೊಳ್ಳುತ್ತಿದ್ದರು. ಹಾಡು ಮುಗಿಯುವ ಮುಂಚೆಯೇ ಅಧಿಕಾರಿ ಗಡಿಯಾರ ನೋಡಿಕೊಂಡರು.

“ಕೆಲಸ ಚೆನ್ನಾಗಿದೆ. ಧೂಳೇ ಇಲ್ಲ” ಎಂದರು. “ಆದ್ರೆ ಹಾಡು ಎಳೆದ ಹಾಗಿದೆ. ಆಗಿನವರು ಕತ್ತರಿಸಿದ್ದೇ ಸರಿ ಅನ್ಸತ್ತೆ.”

ನಾನು ಎದುರಾಡುವ ಹಾಗಿರಲಿಲ್ಲ, ಏಕೆಂದರೆ ನನಗೂ ಬೇಸರ ಬಂದಿತ್ತು. ಬಣ್ಣ ಸರಿಯಿತ್ತು, ಅಂಚುಗಳು ಚೂಪಾಗಿದ್ದವು, ಹೆಜ್ಜೆಗಳು ತಾಳಕ್ಕೆ ಬೀಳುತ್ತಿದ್ದವು. ಆದರೂ ಮದುವೆ ಮುಗಿದ ಮರುದಿನದ ಛತ್ರದ ಹಾಗೆ ಮಂಕು. ಅಂತೂ ಬಾಸ್ ಹೇಗೋ ಒಪ್ಪಿಸಿ ಇನ್ನೊಂದು ಅವಕಾಶ ಕೇಳಿಕೊಂಡರು. ಮುಂದಿನ ತಿಂಗಳು ಓಕ್‌ಲೆಂಡಿನ ಒಂದು ಹಳೆಯ ಚಿತ್ರಮಂದಿರವನ್ನು ಬಾಡಿಗೆಗೆ ಹಿಡಿದು ದೊಡ್ಡ ಪರದೆಯ ಮೇಲೆ ತೋರಿಸುವುದು, ಅಲ್ಲಿಯೂ ಹೀಗೇ ಅನ್ನಿಸಿದರೆ ಹಾಡನ್ನು ಕೈಬಿಡುವುದು ಎಂದಾಯಿತು.

ಬಾಸ್ ಬಣ್ಣ ಇನ್ನಷ್ಟು ಗಾಢ ಮಾಡಿ ಎಂದರು. ಮಾಡಿದೆವು, ಹೆಂಗಸರೆಲ್ಲ ಬಿಸಿಲಿಗೆ ಕೂತೆದ್ದವರಂತೆ ಕೆಂಪಾದರು. ಬೆಳಕು ಏರಿಸಿದೆವು, ಕರಿ ನೆಲ ಬೂದಿಯಾಯಿತು. ಏನು ತಪ್ಪಿದೆ ಎಂದು ಗೊತ್ತಿಲ್ಲದೆ ಏನು ರಿಪೇರಿ ಮಾಡುವುದು?

ಚಿಪ್‌ ಕಸುಬಿನಲ್ಲಿ ನಮಗೊಂದು ಅಭ್ಯಾಸವಿತ್ತು. ದಾರಿ ಕಾಣದಿದ್ದಾಗ ಯಂತ್ರ ಎಸೆದದ್ದನ್ನು ನೋಡುವುದು. ಒಂದು ಮಧ್ಯಾಹ್ನ ಊಟ ಮಾಡುತ್ತಾ, ಮೂಲದಿಂದ ಶುಚಿಯಾದದ್ದನ್ನು ಕಳೆದು ಉಳಿದದ್ದನ್ನು ಮಾತ್ರ ತೋರಿಸು ಎಂದು ಕಂಪ್ಯೂಟರಿಗೆ ಹೇಳಿದೆ. ಅಂದರೆ ನಾವು ಅಳಿಸಿದ ಧೂಳು ಮಾತ್ರ, ಕಪ್ಪು ಪರದೆಯ ಮೇಲೆ. ಅಲ್ಲಲ್ಲಿ ಹೇಗೆಂದರೆ ಹಾಗೆ ಚೆಲ್ಲಿದ ಚುಕ್ಕೆಗಳು ಕಾಣಬೇಕಿತ್ತು. ಮೊದಮೊದಲು ಹಾಗೇ ಕಂಡವು. ಹೆಂಗಸರು ಮೆಟ್ಟಿಲಿಳಿಯುವ ಜಾಗ ಬಂತು. ಕತ್ತಲಲ್ಲಿ ಬಿಳಿ ಚುಕ್ಕೆಗಳು ಸೊಂಟ, ತೋಳು, ತೊಡೆಗಳ ಆಕಾರ ತಳೆದು ಸಾಲುಸಾಲಾಗಿ ಇಳಿದು ಬಂದವು. ನೆಲಕ್ಕೆ ಬಂದು ಸುತ್ತಿದವು, ಅರಳಿದವು, ಮತ್ತೆ ಹತ್ತಿದವು. ನಾವು ಕಸವೆಂದು ಎಸೆದ ಧೂಳು ಕುಣಿಯುತ್ತಿತ್ತು.

ತುತ್ತು ಬಾಯಲ್ಲೇ ಉಳಿಯಿತು. ನಾನು ಸರ್ ಅವರನ್ನು ಕೈಹಿಡಿದು ಎಳೆದುಕೊಂಡು ಬಂದು ನಿಲ್ಲಿಸಿದೆ. ಅವರಿಗೆ ವಿವರಿಸಬೇಕಾಗಲಿಲ್ಲ. ಕುಣಿಯುವವಳ ಉಡುಪಿನ ಒಂದೊಂದು ಚಮಕಿಯೂ ಬೆಳಕಿಗೆ ಎದುರಾಗುವುದು ಒಂದು ಕ್ಷಣ ಮಾತ್ರ. ಹಿಂದಿನ ಫ್ರೇಮಿನಲ್ಲಿ ಅದರ ಹೊಳಪಿಲ್ಲ, ಮುಂದಿನದರಲ್ಲೂ ಇಲ್ಲ. ಅಕ್ಕಪಕ್ಕದವರಲ್ಲಿ ಇಲ್ಲದ್ದು ನಿನ್ನಲ್ಲಿದ್ದರೆ ನೀನು ದೋಷ. ನಾವು ಆ ಹಾಡಿನ ಮಿನುಗನ್ನೆಲ್ಲ ಹೆಕ್ಕಿ ಹೆಕ್ಕಿ ತೆಗೆದು ಹಾಕಿದ್ದೆವು.

“ಪ್ರೋಗ್ರಾಮು ತಪ್ಪು ಮಾಡಿಲ್ಲ ಕಣಮ್ಮ” ಎಂದರು ಸರ್. “ನಾನು ಏನ್ ಹೇಳ್ಕೊಟ್ಟಿದ್ನೋ ಅದ್ನೇ ಮಾಡೈತೆ.”

“ಹೇಳ್ಕೊಟ್ಟಿದ್ದೇ ತಪ್ಪಲ್ವಾ ಸರ್?”

ನನ್ನ ಬಾಯಿ ಯಾವಾಗಲೂ ಒಂದು ಹೆಜ್ಜೆ ಮುಂದೆ. ಅವರು ತಮ್ಮ ಜಾಗಕ್ಕೆ ಹಿಂತಿರುಗಿ ಹೋದರು. ಸಂಜೆ ಕಾರಿನಲ್ಲಿ ರೇಡಿಯೋ ಜೋರಾಗಿ ಹಾಕಿಕೊಂಡರು. ಮರುದಿನ ಬೆಳಿಗ್ಗೆ ಬರುತ್ತಾರೋ ಇಲ್ಲವೋ ಎಂದುಕೊಂಡೇ ಕಾದೆ, ಬಂದರು. ಕಾರ್‌ಪೂಲ್ ಲೇನಿನ ಋಣ, ಸಿಟ್ಟು ಬಂದರೂ ಬಿಡುವಂತಿಲ್ಲ. ಹೇವರ್ಡ್ ದಾಟುವವರೆಗೂ ಸ್ಟೀರಿಂಗ್ ಹಿಡಿದು ಮುಂದೆಯೇ ನೋಡುತ್ತಿದ್ದವರು ಇದ್ದಕ್ಕಿದ್ದಂತೆ ಕೇಳಿದರು:

“ಅಲ್ಲಾ, ಧೂಳು ಮೂರು ಪಟ್ಟಿ ಮ್ಯಾಲೂ ಒಂದೇ ಜಾಗದಾಗೆ ಕೂತ್ಕತದಾ?”

“ಹೇಗೆ ಕೂರತ್ತೆ? ಒಂದೊಂದು ಪಟ್ಟಿಯ ಧೂಳು ಒಂದೊಂದು ಕಡೆ.”

“ಚಮಕಿ?”

ನಾನು ಸೀಟಿನಲ್ಲಿ ನೆಟ್ಟಗೆ ಕೂತೆ. ಚಮಕಿಯ ಹೊಳಪು ಬಿಳಿ. ಬಿಳಿಯಲ್ಲಿ ಕೆಂಪೂ ಇದೆ, ಹಸಿರೂ ಇದೆ, ನೀಲಿಯೂ ಇದೆ. ಅದು ಮೂರು ಪಟ್ಟಿಯಲ್ಲೂ ಒಂದೇ ಜಾಗದಲ್ಲಿ ಕಾಣಲೇಬೇಕು. “ಒಂದೇ ಪಟ್ಟಿಯಲ್ಲಿದ್ರೆ ಧೂಳು, ಮೂರರಲ್ಲೂ ಇದ್ರೆ ಚಮಕಿ!” ಎಂದು ಕೂಗಿದೆ.

“ಕೂಗ್ಬೇಡ ಕಣಮ್ಮ, ಗಾಡಿ ಓಡುಸ್ತಾ ಇವ್ನಿ” ಎಂದರು. ಆದರೆ ನಗುತ್ತಿದ್ದರು. ತಮ್ಮದೇ ಪ್ರೋಗ್ರಾಮನ್ನು ತಾವೇ ಸೋಲಿಸುವ ದಾರಿ ಹುಡುಕಿಕೊಂಡು ಬಂದ ಅವರ ಮೇಲೆ ನನಗೆ ತುಂಬ ಪ್ರೀತಿ ಬಂತು. ಬಾಯಿ ಬಿಟ್ಟು ಹೇಳಲಿಲ್ಲ, ಮಧ್ಯಾಹ್ನ ನನ್ನ ಉಪ್ಪಿನಕಾಯಿ ಬಾಟಲಿಯನ್ನು ಅವರ ಮುಂದೆ ಸರಿಸಿದೆ.

ಉಪಾಯ ಸುಲಭವಿತ್ತು, ಮಾಡುವುದು ಸುಲಭವಿರಲಿಲ್ಲ. ಮೂರು ಪಟ್ಟಿಗಳನ್ನು ಹೋಲಿಸಬೇಕಾದರೆ ಅವು ಮೊದಲೇ ಒಂದರ ಮೇಲೊಂದು ಕೂತಿರಬೇಕು. ಅಂದರೆ ಇದುವರೆಗಿನ ಕೆಲಸವನ್ನೆಲ್ಲ ಬಿಟ್ಟು, ಧೂಳು ಸಹಿತ ಮೂಲವನ್ನೇ ಮತ್ತೆ ಮೊದಲಿನಿಂದ ಜೋಡಿಸಬೇಕು. ಧೂಳು ನನ್ನ ಲೆಕ್ಕವನ್ನು ದಾರಿ ತಪ್ಪಿಸುತ್ತಿತ್ತು. ಚಿತ್ರದ ನಡುವೆ ಮೂರೂ ಚೆನ್ನಾಗಿ ಕೂರುತ್ತಿದ್ದವು, ಅಂಚಿನ ಕಡೆ ಕೂದಲೆಳೆಯಷ್ಟು ಜಾರುತ್ತಿದ್ದವು. ಅಷ್ಟು ಸಾಕು, ಒಂದು ಚಮಕಿ ಮೂರು ಧೂಳುಗಳಾಗಿ ಕಂಡು ಯಂತ್ರ ಮೂರನ್ನೂ ನುಂಗುತ್ತಿತ್ತು. ನಡುವಿನ ಹೆಂಗಸರು ಮಿನುಗಿದರು, ಅಂಚಿನವರು ಮಂಕಾಗಿಯೇ ಉಳಿದರು. ಕೊನೆಗೆ ಇಡೀ ಫ್ರೇಮನ್ನು ಒಟ್ಟಿಗೆ ಎಳೆಯುವುದು ಬಿಟ್ಟು, ಚಿಕ್ಕ ಚಿಕ್ಕ ಚೌಕಗಳಾಗಿ ಭಾಗ ಮಾಡಿ, ಧೂಳು ಎಂದೂ ಅನುಕರಿಸಲಾಗದ ಮೆಟ್ಟಿಲಿನ ಅಂಚುಗಳನ್ನು ಆಧಾರ ಮಾಡಿಕೊಂಡು ಒಂದೊಂದು ಚೌಕವನ್ನೂ ಬೇರೆಬೇರೆಯಾಗಿ ಕೂರಿಸಿದೆ. ನಾನು ಹಂಗಿಸಿದ ಅದೇ ಮೆಟ್ಟಿಲುಗಳು ನನ್ನ ಮಾನ ಉಳಿಸಿದವು.

ಉಳಿದದ್ದು ಕೆಂಪು. ಹಾಡಿನ ಕೊನೆಯಲ್ಲಿ ಎಲ್ಲರೂ ಕಡುಗೆಂಪು ಚಮಕಿಯ ಮೇಲಂಗಿ ಬೀಸುತ್ತಾ ಇಳಿಯುತ್ತಾರೆ. ಆ ಚಮಕಿಯ ಹೊಳಪೂ ಕೆಂಪೇ. ಕೆಂಪು ಪಟ್ಟಿಯಲ್ಲಿ ಮಾತ್ರ ಕಾಣುತ್ತದೆ, ಉಳಿದೆರಡರಲ್ಲಿ ಇಲ್ಲವೇ ಇಲ್ಲ. ಅದನ್ನೂ ಕೆಂಪು ಪಟ್ಟಿಯ ಮೇಲಿನ ಧೂಳನ್ನೂ ಯಾವ ನಿಯಮದಿಂದಲೂ ಬೇರೆ ಮಾಡಲಾಗಲಿಲ್ಲ. ಕೈಯಿಂದ ಒಂದೊಂದೇ ಅಳಿಸಲು ಕೂತರೆ ಮುಂದಿನ ಯುಗಾದಿಗೂ ಮುಗಿಯುತ್ತಿರಲಿಲ್ಲ. ಸರ್ ನನ್ನ ಮುಖ ನೋಡಿದರು.

“ಆ ಭಾಗದಲ್ಲಿ ಕೆಂಪು ಪಟ್ಟಿಯನ್ನ ಮುಟ್ಟೋದೇ ಬೇಡ” ಎಂದೆ. “ಧೂಳು ಇದ್ರೆ ಇರಲಿ.”

“ಬೆನ್ನ ಮ್ಯಾಲೆ ಬರ್ಕೊಂಡು ತಿರುಗ್ತಾ ಇವ್ವಲ್ಲಮ್ಮ!”

ಬಾಸ್ ಕೇಳಿ ಕೆಂಡವಾದರು. ಒಂದು ಕಣವೂ ಇಲ್ಲ ಎಂದು ಜಗತ್ತಿಗೆಲ್ಲ ಸಾರಿದ ಕಂಪನಿ ಧೂಳನ್ನು ತಾನೇ ಬಿಟ್ಟಿದ್ದೇನೆ ಎಂದು ಹೇಳುವುದುಂಟೇ? ಕೆಂಪು ಪಟ್ಟಿಯನ್ನು ಶುಚಿ ಮಾಡಿದ ತುಣುಕನ್ನೂ ಮಾಡದ ತುಣುಕನ್ನೂ ನಾನು ಹಾಕಿ ತೋರಿಸಿದೆ. ಒಂದರಲ್ಲಿ ಚೊಕ್ಕಟವಾದ ಕೆಂಪು ಕಂಬಳಿ ಹೊದ್ದ ಹೆಂಗಸರು. ಇನ್ನೊಂದರಲ್ಲಿ ಮೆಟ್ಟಿಲಿನುದ್ದಕ್ಕೂ ಹೊತ್ತಿಕೊಂಡ ಬೆಂಕಿ, ಅದರ ನಡುವೆ ಎಲ್ಲೋ ಹಾರುವ ಕೆಲವು ಕೆಂಪು ಚುಕ್ಕೆಗಳು. ಬಾಸ್ ಎರಡನೆಯದನ್ನು ಮತ್ತೆ ಹಾಕಿಸಿದರು, ಇನ್ನೂ ಒಮ್ಮೆ ಹಾಕಿಸಿದರು. “ಸ್ಟುಡಿಯೋದವರು ಕೇಳಿದ್ರೆ ನೀನೇ ಉತ್ತರ ಕೊಡಬೇಕು” ಎಂದು ಹೇಳಿ ಹೊರಗೆ ಹೋದರು. ಅದನ್ನೇ ಒಪ್ಪಿಗೆ ಎಂದುಕೊಂಡೆವು.

ಓಕ್‌ಲೆಂಡಿನ ಆ ಚಿತ್ರಮಂದಿರ ಸಾವಿರಾರು ಜನ ಕೂರುವಂಥದ್ದು, ಕೂತಿದ್ದವರು ಬೆರಳೆಣಿಕೆಯಷ್ಟು. ಅಧಿಕಾರಿ ನಡುವೆ ಒಬ್ಬರೇ ಕೂತರು. ಅಜ್ಜಿಯನ್ನು ನಾನು ಕರೆದಿದ್ದೆ. ಮಗಳನ್ನೂ ಕರೆತನ್ನಿ ಎಂದು ಫೋನಿನಲ್ಲಿ ಎರಡು ಸಲ ಹೇಳಿದ್ದೆ. ಮಗಳು ಬಂದಳು, ಐವತ್ತರ ಹತ್ತಿರದವಳು, ಕೆಲಸದಿಂದ ನೇರ ಬಂದಿರಬೇಕು, ಕೋಟು ಬಿಚ್ಚಲಿಲ್ಲ. ನಾನೂ ಸರ್ ಅವರೂ ಅವರ ಹಿಂದಿನ ಸಾಲಿನಲ್ಲಿ ಕೂತೆವು. ದೀಪ ಆರಿತು.

ಮೊದಲ ಸಾಲು ಮೆಟ್ಟಿಲಿಳಿಯಲು ಶುರು ಮಾಡಿದಾಗ ಪರದೆಯ ತುಂಬ ಮಿನುಗು ಚೆಲ್ಲಿತು. ಕರಿ ನೆಲ ಅದನ್ನು ಹಿಡಿದು ಮತ್ತೆ ಮೇಲೆಸೆಯಿತು. ಅದೇ ಹೆಜ್ಜೆ, ಅದೇ ಹಾಡು, ಆದರೂ ನನಗೆ ರೋಮಾಂಚನವಾಯಿತು. ಇಷ್ಟು ಬೆಳಕು, ಇಷ್ಟು ಜನ, ಇಷ್ಟು ಹೊಲಿಗೆ, ಎಲ್ಲ ಬರೀ ಸಂತೋಷಕ್ಕಾಗಿ. ಅದರಲ್ಲಿ ಕಥೆ ಯಾಕೆ ಬೇಕಿತ್ತು ನನಗೆ?

ಅಜ್ಜಿ ಮುಂದಕ್ಕೆ ಬಾಗಿದರು. ಮೆಲ್ಲಗೆ ಏನೋ ಹೇಳತೊಡಗಿದರು. ಮೊದಲು ನನಗೆ ತಿಳಿಯಲಿಲ್ಲ. ಅವರು ಹೆಸರು ಹೇಳುತ್ತಿದ್ದರು. ಒಬ್ಬೊಬ್ಬರು ಮುಂದೆ ಬಂದ ಹಾಗೆ ಒಂದೊಂದು ಹೆಸರು, ಕೆಲವಕ್ಕೆ ಒಂದು ಮಾತು ಸೇರಿಸಿ. ಇವಳಿಗೆ ಆ ದಿನ ಜ್ವರ. ಇವಳು ಊಟಕ್ಕೆ ಬಿಟ್ಟಾಗ ನಿಂತೇ ನಿದ್ದೆ ಹೊಡೆಯುತ್ತಿದ್ದಳು. ಇವಳು ಆಮೇಲೆ ಟೀಚರಾದಳು. ಚಿತ್ರದ ಹೆಸರುಗಳ ಪಟ್ಟಿಯಲ್ಲಿ ಇವರಲ್ಲಿ ಒಬ್ಬರೂ ಇಲ್ಲ. ಮಗಳು ಪರದೆಯಿಂದ ಕಣ್ಣು ಕೀಳದೆ ಕೇಳುತ್ತಿದ್ದಳು.

ಕೊನೆಯ ಕೆಂಪು ಬೆಂಕಿಯೂ ಆರಿ ದೀಪ ಹತ್ತಿತು. ಅಧಿಕಾರಿ ತಿರುಗಿ ಕೂತರು.

“ಕೊನೇಲಿ ಕೆಂಪು ಚುಕ್ಕೆಗಳು ಹಾರಿದ್ವಲ್ಲ?”

ಬಾಸ್ ನನ್ನ ಕಡೆ ನೋಡಿದರು. ನಾನು ಎದ್ದು ನಿಂತೆ. “ಅದು ಧೂಳು. ಗೊತ್ತಿದ್ದೇ ಬಿಟ್ವಿ. ಅದನ್ನ ತೆಗೆದ್ರೆ ಚಮಕಿಯೂ ಹೋಗತ್ತೆ.”

ಅವರು ಖಾಲಿ ಪರದೆಯನ್ನೊಮ್ಮೆ ನೋಡಿದರು. “ಹಾಗಾದ್ರೆ ಇರಲಿ” ಎಂದರು. “ಹಾಡನ್ನೂ ಇಡೋಣ.”

ಸರ್ ನನ್ನ ಬೆನ್ನಿಗೊಂದು ಗುದ್ದು ಕೊಟ್ಟರು. ಅಷ್ಟರಲ್ಲಿ ಮುಂದಿನ ಸಾಲಿನಲ್ಲಿ ಅಜ್ಜಿ ಹಣೆ ಹಣೆ ಬಡಿದುಕೊಳ್ಳುತ್ತಿದ್ದರು.

“ಅಯ್ಯೋ! ಎಲ್ಲರನ್ನೂ ತೋರಿಸ್ತಾ ತೋರಿಸ್ತಾ ನನ್ನನ್ನೇ ಬಿಟ್ಟುಬಿಟ್ಟೆ. ನಾನು ಬಂದು ಹೋಗೇಬಿಟ್ಟೆ.”

“ನಾನು ನೋಡಿದೆ ಅಮ್ಮ” ಎಂದಳು ಮಗಳು. “ಮೂರನೇ ಸಾಲು, ಎಡಗಡೆ ಕೊನೆ.”

“ನಾನು ಹೇಳೇ ಇಲ್ವಲ್ಲ! ಹೇಗೆ ಗೊತ್ತಾಯ್ತು?”

“ಎಲ್ಲರೂ ನಗ್ತಾ ಇದ್ರು. ನೀನೊಬ್ಬಳು ಬಾಯಲ್ಲಿ ಒಂದು ಎರಡು ಮೂರು ಅಂತ ಎಣಿಸ್ತಾ ಇದ್ದೆ. ಈಗಲೂ ಅಡುಗೆಮನೇಲಿ ಹಾಗೇ ಎಣಿಸ್ತೀಯಲ್ಲ.”

ಅಜ್ಜಿ ಮಗಳ ಮುಖವನ್ನೇ ನೋಡಿದರು. ಆಮೇಲೆ ಇಡೀ ಚಿತ್ರಮಂದಿರಕ್ಕೆ ಕೇಳುವ ಹಾಗೆ ನಕ್ಕರು.

“ಅದಕ್ಕೇ ನನ್ನನ್ನ ಮೂರನೇ ಸಾಲಿಗೆ ಹಾಕಿದ್ದು ಕಣೇ!”